ನನ್ನ ಹಳೆಯ ಸ್ಕ್ಯಾನ್ ಎಲ್ಲಿ? ಆರೋಗ್ಯ ಇಲಾಖೆಯ ಪ್ರಧಾನ ಕಾರ್ಯದರ್ಶಿಯವರಿಗೆ ಒಂದು ಬಹಿರಂಗ ಪತ್ರ

ಗೆ,
ಪ್ರಧಾನ ಕಾರ್ಯದರ್ಶಿಯವರು,
ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಇಲಾಖೆ,
ಕರ್ನಾಟಕ ಸರ್ಕಾರ, ವಿಕಾಸ ಸೌಧ, ಬೆಂಗಳೂರು.

ವಿಷಯ: ಮಲ್ಟಿಪಲ್ ಸ್ಕ್ಲೀರೋಸಿಸ್ ರೋಗಿಗಳ ಎಂ.ಆರ್.ಐ. ಚಿತ್ರಗಳನ್ನು ಒಂದೇ ಕ್ರಮದಲ್ಲಿ ತೆಗೆದು, ಕಾಪಾಡಿ, ರೋಗಿಯ ಕೈಗೆ ಸಿಗುವಂತೆ ಮಾಡುವ ಬಗ್ಗೆ.

ಮಾನ್ಯರೇ,

ನಾನು ಬೆಂಗಳೂರಿನ ಪದವಿಪೂರ್ವ ಕಾಲೇಜೊಂದರಲ್ಲಿ ಕನ್ನಡ ಕಲಿಸುವವಳು. 2010ರ ಬೇಸಿಗೆಯಲ್ಲಿ, ದ್ವಿತೀಯ ಪಿಯುಸಿ ಮೌಲ್ಯಮಾಪನ ನಡೆಯುತ್ತಿದ್ದ ಕೋಣೆಯಲ್ಲಿ, ನಾನು ಹಾಕಿದ ಅಂಕಗಳೇ ನನಗೆ ಮಾಸಲಾಗಿ ಕಾಣತೊಡಗಿದವು. ಶಾಯಿ ಮುಗಿಯುತ್ತ ಬಂದಿರಬೇಕೆಂದು ಪೆನ್ನು ಬದಲಾಯಿಸಿದೆ, ಅದೂ ಹಾಗೆಯೇ. ಒಂದೊಂದೇ ಕಣ್ಣು ಮುಚ್ಚಿ ನೋಡಿದಾಗ ತಿಳಿಯಿತು: ಎಡಗಣ್ಣಿಗೆ ಕೆಂಪಾಗಿಯೇ ಇದ್ದ ಶಾಯಿ ಬಲಗಣ್ಣಿಗೆ ಹಳೆಯ ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು. ಐದಾರು ವಾರಗಳಲ್ಲಿ ಅದು ತಾನಾಗಿ ಸರಿಹೋಯಿತು, ನಾನೂ ಮರೆತೆ. ಎರಡು ವರ್ಷದ ಮೇಲೆ ಸೊಂಟದಿಂದ ಕೆಳಗೆ ಜೋಮು ಹಿಡಿದು, ಕತ್ತು ಬಗ್ಗಿಸಿದರೆ ಬೆನ್ನಿನುದ್ದಕ್ಕೂ ಕರೆಂಟು ಹೊಡೆದಂತಾಗತೊಡಗಿದಾಗ, ಮಿದುಳು ಮತ್ತು ಬೆನ್ನುಹುರಿಯ ಎಂ.ಆರ್.ಐ. ಮಾಡಿಸಿದ ನರರೋಗ ತಜ್ಞರು ಇದು ಮಲ್ಟಿಪಲ್ ಸ್ಕ್ಲೀರೋಸಿಸ್ ಎಂದರು. ಕನ್ನಡದಲ್ಲಿ ಇದಕ್ಕೆ ನಾಲಿಗೆಗೆ ಒಗ್ಗಿದ ಹೆಸರಿಲ್ಲ. ರೋಗಿಗಳಾದ ನಾವು ಎಂ.ಎಸ್. ಎನ್ನುತ್ತೇವೆ, ನೆಂಟರು ‘ನರದ ತೊಂದರೆ’ ಎಂದು ಮುಗಿಸುತ್ತಾರೆ.

ಕಾಯಿಲೆಯ ಕಷ್ಟ ತೋಡಿಕೊಳ್ಳಲು ಈ ಪತ್ರ ಬರೆಯುತ್ತಿಲ್ಲ. ಎಂ.ಎಸ್.ನಲ್ಲಿ ಒಂದು ಸ್ಕ್ಯಾನ್ ಅನ್ನು ಒಂಟಿಯಾಗಿ ನೋಡಿದರೆ ಅರ್ಧ ಮಾತು ಮಾತ್ರ ತಿಳಿಯುತ್ತದೆ. ಹೋದ ವರ್ಷದ ಚಿತ್ರದ ಪಕ್ಕದಲ್ಲಿ ಈ ವರ್ಷದ ಚಿತ್ರವನ್ನಿಟ್ಟಾಗಲೇ ಮದ್ದು ಕೆಲಸ ಮಾಡುತ್ತಿದೆಯೋ ಇಲ್ಲವೋ ಗೊತ್ತಾಗುವುದು. ಹೀಗಿದ್ದೂ ಒಬ್ಬ ರೋಗಿಯ ಎರಡು ಚಿತ್ರಗಳನ್ನು ಹೋಲಿಸಲು ಬರುವಂತೆ ತೆಗೆಯಬೇಕು, ಮೊದಲನೆಯದು ಎರಡನೆಯದರ ಹೊತ್ತಿಗೆ ಉಳಿದಿರಬೇಕು ಎಂಬ ಹೊಣೆ ನಮ್ಮ ರಾಜ್ಯದಲ್ಲಿ ಯಾರ ಮೇಲೂ ಇಲ್ಲ. ಆ ಹೊಣೆಯನ್ನು ತಮ್ಮ ಇಲಾಖೆ ಗೊತ್ತುಮಾಡಬೇಕೆಂಬುದೇ ನನ್ನ ಕೋರಿಕೆ.

ಪ್ಯಾರಿಸ್ಸಿನ ನರತಜ್ಞ ಶಾರ್ಕೊ 1868ರಲ್ಲಿ ಈ ರೋಗವನ್ನು ಬೇರೆಯಾಗಿ ಗುರುತಿಸಿ ವಿವರಿಸಿದಾಗ ಅವರಿಗೆ ಮಿದುಳಿನ ಕಲೆಗಳು ಕಂಡದ್ದು ಶವಪರೀಕ್ಷೆಯಲ್ಲಿ. ನಮ್ಮದೇ ರೋಗನಿರೋಧಕ ಕಣಗಳು ನರತಂತುವಿನ ಮೇಲಿನ ಮಯಲಿನ್ ಹೊದಿಕೆಯನ್ನು ಅಲ್ಲಲ್ಲಿ ಕಿತ್ತು, ಆ ಜಾಗ ಗಾಯವಾಗಿ, ಆಮೇಲೆ ಗಟ್ಟಿಯಾಗಿ ಕಲೆಯಾಗುತ್ತದೆ. ವೈರಿನ ಪ್ಲಾಸ್ಟಿಕ್ ಸುಲಿದಂತೆ ಎಂದು ನನ್ನ ವೈದ್ಯರು ಹೇಳಿದ್ದರು. ಬದುಕಿರುವವರ ತಲೆಯೊಳಗೆ ಅದನ್ನು ಕಾಣಲು ನೂರು ವರ್ಷಕ್ಕೂ ಹೆಚ್ಚು ಕಾಯಬೇಕಾಯಿತು. 1981ರಲ್ಲಿ ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯವರು ಕೆಲವೇ ರೋಗಿಗಳನ್ನು ಎರಡೂ ಬಗೆಯ ಯಂತ್ರಗಳಲ್ಲಿ ನೋಡಿದರು. ಸಿ.ಟಿ. ಸ್ಕ್ಯಾನ್ 19 ಕಲೆಗಳನ್ನು ತೋರಿಸಿದರೆ, ಎಂ.ಆರ್.ಐ.ಯ ಕಾಂತೀಯ ಯಂತ್ರ ಅವುಗಳ ಜೊತೆಗೆ ಇನ್ನೂ 112ನ್ನು ತೋರಿಸಿತು.

ಅಲ್ಲಿಂದ ಮುಂದಿನ ಹೆಜ್ಜೆಯೇ ನನ್ನ ಮಾತಿಗೆ ಮುಖ್ಯವಾದುದು. ಕೆನಡಾದ ವ್ಯಾಂಕೂವರಿನಲ್ಲಿ, ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ನರತಜ್ಞ ಡೊನಾಲ್ಡ್ ಪೇಟಿ ಅವರು ವಿಕಿರಣ ತಜ್ಞ ಡೇವಿಡ್ ಲೀ ಅವರೊಡನೆ ಸೇರಿ, ಒಂದೇ ರೋಗಿಯ ಚಿತ್ರವನ್ನು ಮತ್ತೆ ಮತ್ತೆ ತೆಗೆಯುವ ಕೆಲಸಕ್ಕೆ ಕೈಹಾಕಿದರು. ಇಂಟರ್‌ಫೆರಾನ್ ಬೀಟಾ-1ಬಿ ಎಂಬ ಮದ್ದಿನ ಪರೀಕ್ಷೆಯಲ್ಲಿದ್ದ 372 ಜನರಲ್ಲಿ ಹೆಚ್ಚಿನವರಿಗೆ ವರ್ಷಕ್ಕೊಮ್ಮೆ, ವ್ಯಾಂಕೂವರಿನ 52 ಜನರಿಗೆ ಎರಡು ವರ್ಷ ಕಾಲ ಆರಾರು ವಾರಕ್ಕೊಮ್ಮೆ ಎಂ.ಆರ್.ಐ. ನಡೆಯಿತು. ತಲೆ ಇಟ್ಟ ಕೋನ, ಚಿತ್ರದ ಸೀಳಿನ (ಮಿದುಳನ್ನು ಹೋಳುಹೋಳಾಗಿ ಕೊಯ್ದಂತೆ ತೋರಿಸುವ ಒಂದೊಂದು ಪದರದ) ದಪ್ಪ, ಓದುವ ಕ್ರಮ ಎಲ್ಲವನ್ನೂ ಒಂದೇ ರೀತಿ ಇಟ್ಟುಕೊಂಡರೆ ಮಾತ್ರ ಇಂಥ ಕೆಲಸ ಸಾಧ್ಯ. 1993ರಲ್ಲಿ ಅವರು ಪ್ರಕಟಿಸಿದ ಫಲಿತಾಂಶ ಸ್ಪಷ್ಟವಾಗಿತ್ತು: ಮದ್ದು ಪಡೆದವರ ಮಿದುಳಿನಲ್ಲಿ ಹೊಸ ಕಲೆಗಳು ಕಡಿಮೆ. ಅದೇ ವರ್ಷ ಅಮೆರಿಕದಲ್ಲಿ ಆ ಮದ್ದಿಗೆ ಅನುಮತಿ ಸಿಕ್ಕಿತು, ಎಂ.ಎಸ್.ನ ಓಟವನ್ನೇ ತಗ್ಗಿಸುವ ಮದ್ದುಗಳಲ್ಲಿ ಅದು ಮೊದಲನೆಯದು. ರೋಗಿಗೆ ಒಂದು ಅಟ್ಯಾಕ್ ಆಗುವ ಅವಧಿಯಲ್ಲಿ ಮಿದುಳಿನಲ್ಲಿ ಅದರ ಐದರಿಂದ ಹತ್ತು ಪಟ್ಟು ಹೊಸ ಕಲೆಗಳು ಸದ್ದಿಲ್ಲದೆ ಹುಟ್ಟುತ್ತಿರುತ್ತವೆ ಎಂಬ ತಿಳಿವಳಿಕೆಯೂ ಇಂಥ ಸರಣಿ ಚಿತ್ರಗಳಿಂದಲೇ ಬಂತು. ನಾನು ಇದನ್ನು ಓದಿದಾಗ ನನಗೆ ನೆನಪಾದದ್ದು ಹಸ್ತಪ್ರತಿಗಳ ಪಾಠಾಂತರ ನೋಡುವ ನಮ್ಮ ವಿದ್ವಾಂಸರು. ಎರಡು ಓಲೆಗಳನ್ನು ಪಕ್ಕಪಕ್ಕ ಇಡದೆ ಯಾವ ಅಕ್ಷರ ಹೊಸದಾಗಿ ಸೇರಿತು ಎಂದು ಅವರೂ ಹೇಳುವುದಿಲ್ಲ.

ಈಗ ನಮ್ಮೂರಿನ ಸ್ಥಿತಿಗೆ ಬರುತ್ತೇನೆ. 2012ರಿಂದ 2018ರವರೆಗೆ ನಾನು ಬೆಂಗಳೂರಿನ ನಾಲ್ಕು ಬೇರೆ ಬೇರೆ ಸ್ಕ್ಯಾನಿಂಗ್ ಸೆಂಟರ್‌ಗಳಲ್ಲಿ ಎಂ.ಆರ್.ಐ. ಮಾಡಿಸಿದ್ದೇನೆ. ಇದರಲ್ಲಿ ನನ್ನದೂ ತಪ್ಪಿದೆ, ಒಪ್ಪಿಕೊಳ್ಳುತ್ತೇನೆ: ಯಾವ ಸೆಂಟರಿನಲ್ಲಿ ರಿಯಾಯಿತಿ ಇದೆಯೋ ಅಲ್ಲಿಗೆ ಹೋದೆ, ಎಲ್ಲ ಎಂ.ಆರ್.ಐ. ಒಂದೇ ಎಂದುಕೊಂಡಿದ್ದೆ. 2018ರಲ್ಲಿ ನನಗೆ ಯಾವ ಹೊಸ ತೊಂದರೆಯೂ ಇರಲಿಲ್ಲ. ವಾರಕ್ಕೊಂದು ಇಂಟರ್‌ಫೆರಾನ್ ಚುಚ್ಚಿಕೊಂಡು, ಮಾರನೆಯ ದಿನ ಜ್ವರ ಬಂದವಳಂತೆ ಮುದುಡಿ, ಆಮೇಲೆ ಎಂದಿನಂತೆ ಕಾಲೇಜಿಗೆ ಹೋಗುತ್ತಿದ್ದೆ. ಆ ವರ್ಷದ ರಿಪೋರ್ಟಿನಲ್ಲಿ ಹಿಂದೆ ಹೇಳಿರದ ಎರಡು ಕಲೆಗಳ ಹೆಸರು ಬಂತು, ಕೊನೆಯಲ್ಲಿ ಒಂದು ಸಾಲು: ‘ಹಿಂದಿನ ಚಿತ್ರಗಳು ಹೋಲಿಕೆಗೆ ಲಭ್ಯವಿಲ್ಲ.’

ಲಭ್ಯವಿಲ್ಲದೆ ಏನು? ಹಿಂದಿನ ವರ್ಷದ ಫಿಲ್ಮ್‌ಗಳನ್ನು ಆ ದೊಡ್ಡ ಕವರಿನಲ್ಲಿಟ್ಟು ಎದೆಗವಚಿಕೊಂಡು ನಾನೇ ಒಯ್ದಿದ್ದೆ. ನನ್ನ ವೈದ್ಯರು ಎರಡೂ ಫಿಲ್ಮ್‌ಗಳನ್ನು ಲೈಟ್ ಬಾಕ್ಸಿಗೆ ಸಿಕ್ಕಿಸಿ ಬಹಳ ಹೊತ್ತು ನೋಡಿದರು. ಹಳೆಯದು 1.5 ಟೆಸ್ಲಾ ಕಾಂತಬಲದ ಯಂತ್ರದ್ದು, ಐದು ಮಿಲಿಮೀಟರ್ ದಪ್ಪದ ಸೀಳುಗಳು, ನಡುನಡುವೆ ಬಿಟ್ಟ ಜಾಗ. ಹೊಸದು 3 ಟೆಸ್ಲಾದ್ದು, ತೆಳು ಸೀಳು, ತಲೆಯ ಓರೆಯೂ ಬೇರೆ. ನಾಲ್ಕು ಮಿಲಿಮೀಟರಿನ ಕಲೆಯೊಂದು ಐದು ಮಿಲಿಮೀಟರಿನ ಸೀಳಿನಲ್ಲಿ ಮಸುಕಾಗಿ ಹೋಗಬಹುದು, ಇಲ್ಲವೇ ಎರಡು ಸೀಳುಗಳ ನಡುವಿನ ಜಾಗದಲ್ಲಿ ಅಡಗಿರಬಹುದು. ಹಾಗಾದರೆ ಈ ಎರಡು ಕಲೆಗಳು ಈ ವರ್ಷ ಹುಟ್ಟಿದವೋ, ಹೋದ ವರ್ಷವೇ ಇದ್ದು ಕಾಣದೆ ಹೋದವೋ? ಹೊಸವಾದರೆ ಮದ್ದು ಸೋತಿದೆ, ಬದಲಾಯಿಸಬೇಕು. ಹಳೆಯವಾದರೆ ಸುಮ್ಮನೆ ಬದಲಾಯಿಸಿ, ಹೊಸ ಮದ್ದಿನ ಅಪಾಯಗಳನ್ನು ಮೈಮೇಲೆ ಎಳೆದುಕೊಳ್ಳಬೇಕಾಗಿಲ್ಲ.

ಮೂಲ ಕಡತ ಸಿಕ್ಕಿದರೆ ಕಂಪ್ಯೂಟರಿನಲ್ಲಿ ಓರೆ ಸರಿಪಡಿಸಿ ನೋಡಬಹುದು ಎಂದು ವೈದ್ಯರು ಹೇಳಿದರು. ಡೈಕಾಮ್ ಎಂಬ ಆ ಮೂಲ ಕಡತ ಇದ್ದ ಸಿ.ಡಿ. ನನ್ನ ಬಳಿ ಇತ್ತು. ಅದರ ಮೇಲೆ ಒಂದು ಗೀರು ಬಿದ್ದು ಅದು ತೆರೆಯಲಿಲ್ಲ. ಸ್ಕ್ಯಾನ್ ಮಾಡಿದ ಸೆಂಟರಿಗೆ ಹೋಗಿ ಕೇಳಿದೆ. ಕೌಂಟರಿನಲ್ಲಿದ್ದ ಹುಡುಗ ಬಹಳ ವಿನಯದಿಂದಲೇ ಹೇಳಿದ: “ಮೇಡಂ, ಸರ್ವರ್ ಬದಲಾಯಿಸಿದ್ವಿ, ಹಳೇದೆಲ್ಲ ಹೋಗಿದೆ.” ಅವನ ಮೇಲೆ ಸಿಟ್ಟು ಮಾಡಿಕೊಳ್ಳಲು ನನಗೆ ಯಾವ ಆಧಾರವೂ ಇರಲಿಲ್ಲ, ಏಕೆಂದರೆ ಅವರು ಯಾವ ನಿಯಮವನ್ನೂ ಮುರಿದಿರಲಿಲ್ಲ. ಆರು ತಿಂಗಳು ಕಾದು, ಅದೇ 3 ಟೆಸ್ಲಾ ಯಂತ್ರದಲ್ಲಿ ಮತ್ತೆ ತೆಗೆಸಿ ನೋಡೋಣ ಎಂದು ತೀರ್ಮಾನವಾಯಿತು. ಐದನೆಯ ತಿಂಗಳಲ್ಲಿ ಎಡಗಾಲು ಸೋತಿತು. ಮೂರು ದಿನ ದಿನಕ್ಕೊಂದು ಗ್ರಾಂ ಸ್ಟೀರಾಯ್ಡ್ ರಕ್ತನಾಳಕ್ಕೆ ಹಾಕಿದ ಮೇಲೆ ಬಲ ಬಂತು, ಪೂರ್ತಿ ಬರಲಿಲ್ಲ. ಮೊದಲೇ ಮದ್ದು ಬದಲಾಯಿಸಿದ್ದರೆ ಇದು ತಪ್ಪುತ್ತಿತ್ತು ಎಂದು ಖಚಿತವಾಗಿ ಹೇಳಲು ನನ್ನ ವೈದ್ಯರೂ ಸಿದ್ಧರಿಲ್ಲ, ನಾನೂ ಸಿದ್ಧಳಿಲ್ಲ. ಆದರೆ ತೀರ್ಮಾನ ತೆಗೆದುಕೊಳ್ಳಲು ಬೇಕಾದ ಚಿತ್ರ ಒಂದು ಕಾಲಕ್ಕೆ ಇತ್ತು, ಆಮೇಲೆ ಇರಲಿಲ್ಲ ಎಂಬುದು ಖಚಿತ.

ಇಂಥ ಕಡೆ ಕಾನೂನು ಏನು ಹೇಳುತ್ತದೆ ಎಂದು ಹುಡುಕಿದೆ. ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ವೃತ್ತಿ ನಡವಳಿಕೆಯ ನಿಯಮಗಳ ಪ್ರಕಾರ ಒಳರೋಗಿಗಳ ದಾಖಲೆಗಳನ್ನು ಚಿಕಿತ್ಸೆ ಆರಂಭವಾದ ದಿನದಿಂದ 3 ವರ್ಷ ಇಟ್ಟುಕೊಳ್ಳಬೇಕು, ಕೇಳಿದರೆ 72 ಗಂಟೆಗಳೊಳಗೆ ಕೊಡಬೇಕು. ಒಳರೋಗಿಗಳದ್ದು, ಅದೂ ಮೂರು ವರ್ಷ. ಎಂ.ಎಸ್. ಸಾಮಾನ್ಯವಾಗಿ ಶುರುವಾಗುವುದು ಇಪ್ಪತ್ತರಿಂದ ನಲವತ್ತರ ವಯಸ್ಸಿನಲ್ಲಿ, ಅದರಲ್ಲೂ ಹೆಂಗಸರಲ್ಲಿ ಹೆಚ್ಚು. ಶುರುವಾದ ಮೇಲೆ ಮೂವತ್ತು ನಲವತ್ತು ವರ್ಷ ಜೊತೆಗೇ ಇರುತ್ತದೆ. ನಾವು ಸ್ಕ್ಯಾನ್ ಮಾಡಿಸುವುದು ಹೊರರೋಗಿಗಳಾಗಿ, ಬೆಳಿಗ್ಗೆ ಹೋಗಿ ಮಧ್ಯಾಹ್ನಕ್ಕೆ ಮನೆಗೆ ಬರುತ್ತೇವೆ. ಒಂದು ಹೋಲಿಕೆ ಹೇಳಿದರೆ ತಾವು ತಪ್ಪು ತಿಳಿಯಬಾರದು: ಭ್ರೂಣಲಿಂಗ ಪತ್ತೆ ತಡೆಯಲೆಂದು 1994ರ ಕಾಯ್ದೆ ಬಂದ ಮೇಲೆ ಅಲ್ಟ್ರಾಸೌಂಡ್ ಯಂತ್ರವೊಂದೊಂದಕ್ಕೂ ನೋಂದಣಿ, ಗರ್ಭಿಣಿಯರಿಗೆ ಮಾಡಿದ ಸ್ಕ್ಯಾನ್ ಒಂದೊಂದಕ್ಕೂ ಫಾರಂ ಬಂತು. ಉದ್ದೇಶ ಬೇರೆಯಾದರೂ, ಸ್ಕ್ಯಾನಿಂಗ್ ಸೆಂಟರ್‌ಗಳಿಂದ ಲೆಕ್ಕ ಇಡಿಸಲು ಸರ್ಕಾರಕ್ಕೆ ಬಾರದು ಎಂದು ಯಾರೂ ಹೇಳುವಂತಿಲ್ಲ. 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮದಡಿ ಈ ಸೆಂಟರ್‌ಗಳ ನೋಂದಣಿ ತಮ್ಮ ಇಲಾಖೆಯ ಕೈಯಲ್ಲೇ ಇದೆ. ಎಂ.ಆರ್.ಐ. ಮಾಡಿಸಿಕೊಂಡ ಪ್ರತಿಯೊಬ್ಬರಿಗೂ ಮೂಲ ಕಡತವನ್ನು ಕೊಡಬೇಕು, ದೀರ್ಘಕಾಲದ ನರರೋಗಗಳ ಚಿತ್ರಗಳನ್ನು ಕನಿಷ್ಠ ಹತ್ತು ವರ್ಷ ಅಳಿಸಬಾರದು, ರೋಗಿ ಒಪ್ಪಿದರೆ ಅವರ ಹದಿನಾಲ್ಕು ಅಂಕಿಯ ಆಭಾ (ಆಯುಷ್ಮಾನ್ ಭಾರತ್ ಆರೋಗ್ಯ ಖಾತೆ) ಸಂಖ್ಯೆಗೆ ಜೋಡಿಸಬೇಕು ಎಂದು ನೋಂದಣಿಯ ಷರತ್ತಿನಲ್ಲಿ ಬರೆಯುವುದಕ್ಕೆ ಕೋಟಿಗಟ್ಟಲೆ ಹಣ ಬೇಕಾಗಿಲ್ಲ. ಈಗಿನ ಲ್ಯಾಪ್‌ಟಾಪುಗಳಲ್ಲಿ ಸಿ.ಡಿ. ಹಾಕುವ ಜಾಗವೇ ಇಲ್ಲದಿರುವಾಗ ಸಿ.ಡಿ. ಕೊಟ್ಟು ಕೈತೊಳೆದುಕೊಳ್ಳುವುದನ್ನಂತೂ ಮೊದಲು ನಿಲ್ಲಿಸಬೇಕು.

ಚಿತ್ರವನ್ನು ಹೇಗೆ ತೆಗೆಯಬೇಕು ಎಂಬುದನ್ನು ಹೊಸದಾಗಿ ಕಂಡುಹಿಡಿಯಬೇಕಾಗಿಯೂ ಇಲ್ಲ. ಯುರೋಪ್ ಮತ್ತು ಉತ್ತರ ಅಮೆರಿಕದ ತಜ್ಞರ ಮೂರು ಗುಂಪುಗಳು ಕೂಡಿ 2021ರಲ್ಲಿ ಒಂದು ಒಮ್ಮತದ ಮಾರ್ಗಸೂಚಿಯನ್ನು ಪ್ರಕಟಿಸಿವೆ. ಮಿದುಳಿನ ನೀರಿನ ಹೊಳಪನ್ನು ಅಡಗಿಸಿ ಕಲೆಯನ್ನು ಮಾತ್ರ ಬೆಳ್ಳಗೆ ತೋರಿಸುವ ಫ್ಲೇರ್ ಎಂಬ ಚಿತ್ರಕ್ರಮವನ್ನು ಮೂರು ಆಯಾಮದಲ್ಲಿ ತೆಗೆಯಬೇಕು, ಅದಾಗದಿದ್ದರೆ ಸೀಳಿನ ದಪ್ಪ ಮೂರು ಮಿಲಿಮೀಟರ್ ಮೀರಬಾರದು, ನಡುವೆ ಜಾಗ ಬಿಡಬಾರದು, ಹೊಸ ಮದ್ದು ಶುರುಮಾಡಿ ಮೂರರಿಂದ ಆರು ತಿಂಗಳಿಗೆ ಹೋಲಿಕೆಯ ಬುನಾದಿಯಾಗಿ ಒಂದು ಸ್ಕ್ಯಾನ್ ಇರಬೇಕು, ಆಮೇಲೆ ವರ್ಷಕ್ಕೊಮ್ಮೆ ಅದೇ ಕ್ರಮದಲ್ಲಿ ನೋಡಬೇಕು ಎಂಬುದು ಅದರ ಸಾರ. ಅದೇ ಮಾರ್ಗಸೂಚಿ ಪ್ರತಿ ವರ್ಷದ ತಪಾಸಣೆಗೂ ಗ್ಯಾಡೋಲಿನಿಯಂ ಎಂಬ ಕಾಂಟ್ರಾಸ್ಟ್ ಚುಚ್ಚುಮದ್ದು ಬೇಕಿಲ್ಲ ಎಂದೂ ಹೇಳುತ್ತದೆ. ಹಳೆಯ ಚಿತ್ರ ಸರಿಯಾಗಿ ಇದ್ದರೆ ಹೊಸ ಕಲೆಯನ್ನು ಹೋಲಿಕೆಯಿಂದಲೇ ಹಿಡಿಯಬಹುದು, ಕಾಂಟ್ರಾಸ್ಟ್ ಹಾಕಿ ಹೊಳೆಯಿಸಬೇಕಾಗಿಲ್ಲ. ಕಾಂಟ್ರಾಸ್ಟ್ ಇಲ್ಲದ ಸ್ಕ್ಯಾನ್‌ಗೆ ರೋಗಿಯ ಕೈಯಿಂದ ಹೋಗುವ ಹಣವೂ ಕಡಿಮೆ ಎಂಬುದನ್ನು ತಮಗೆ ಬಿಡಿಸಿ ಹೇಳಬೇಕಾಗಿಲ್ಲ.

ರೋಗವನ್ನು ಗುರುತಿಸುವ ನಿಯಮಗಳೂ ಚಿತ್ರವನ್ನು ಇನ್ನಷ್ಟು ನೆಚ್ಚುತ್ತಿವೆ. ಇದು ಎಂ.ಎಸ್. ಹೌದು ಎನ್ನಲು ಕಲೆಗಳು ‘ದೇಶದಲ್ಲೂ ಕಾಲದಲ್ಲೂ’ ಹರಡಿರಬೇಕು, ಅಂದರೆ ಬೇರೆ ಬೇರೆ ಜಾಗಗಳಲ್ಲಿ, ಬೇರೆ ಬೇರೆ ಹೊತ್ತಿನಲ್ಲಿ ಹುಟ್ಟಿರಬೇಕು ಎಂಬುದು ಬಹಳ ಕಾಲದ ಸೂತ್ರ. ನರತಜ್ಞ ಇಯಾನ್ ಮ್ಯಾಕ್‌ಡೊನಾಲ್ಡ್ ಅವರ ಹೆಸರಿನ 2001ರ ಮಾನದಂಡ ಎಂ.ಆರ್.ಐ.ಗೆ ಆ ಸಾಕ್ಷ್ಯ ಹೇಳುವ ಅಧಿಕಾರ ಕೊಟ್ಟಿತು. ಆಮೇಲೆ ಅದು ಹಲವು ಸಲ ತಿದ್ದುಪಡಿಯಾಗಿ, 2024ರ ಪರಿಷ್ಕರಣೆಯಲ್ಲಿ ಕಣ್ಣಿನ ನರವೂ ಐದನೆಯ ಜಾಗವಾಗಿ ಲೆಕ್ಕಕ್ಕೆ ಬಂತು. ಕಲೆಯ ನಟ್ಟನಡುವೆ ಒಂದು ಸಣ್ಣ ಅಭಿಧಮನಿ ಹಾದುಹೋಗಿದೆಯೇ ಎಂದು ನೋಡುವ ಗುರುತೂ ಸೇರಿತು. ನನ್ನ ಮೊದಲ ಪೆಟ್ಟು ಬಿದ್ದದ್ದೇ ಕಣ್ಣಿನ ನರಕ್ಕೆ. ಇಂದು ಯಾವುದೋ ಕಾಲೇಜಿನಲ್ಲಿ ಕೆಂಪು ಶಾಯಿ ಮಾಸಲಾಗಿ ಕಾಣುತ್ತಿರುವ ಯುವತಿಗೆ ಎರಡು ವರ್ಷ ಕಾಯದೆ ಉತ್ತರ ಸಿಗಬಹುದು. ಆದರೆ ಆ ಅಭಿಧಮನಿಯನ್ನು ತೋರಿಸಲು ಬೇರೆಯದೇ ಚಿತ್ರಕ್ರಮ ಬೇಕು. ಕೇಳದಿದ್ದರೆ ಯಾರೂ ತೆಗೆಯುವುದಿಲ್ಲ.

ನಮ್ಮ ಭಾಗದಲ್ಲಿ ಎಚ್ಚರಕ್ಕೆ ಇನ್ನೊಂದು ಕಾರಣವಿದೆ. ನ್ಯೂರೋಮಯಲೈಟಿಸ್ ಆಪ್ಟಿಕಾ ಎಂಬ ರೋಗ ಎಂ.ಎಸ್.ನ ಹಾಗೆಯೇ ಕಣ್ಣು ಮತ್ತು ಬೆನ್ನುಹುರಿಯನ್ನು ಹಿಡಿಯುತ್ತದೆ. 2004ರಲ್ಲಿ ಅದರ ವಿಶಿಷ್ಟ ಪ್ರತಿಕಾಯ ಪತ್ತೆಯಾದ ಮೇಲೆ ಅದು ಬೇರೆಯೇ ರೋಗ ಎಂದು ಸ್ಥಿರಪಟ್ಟಿತು. ಎಂ.ಎಸ್.ಗೆ ಕೊಡುವ ಇಂಟರ್‌ಫೆರಾನ್, ಫಿಂಗೊಲಿಮಾಡ್‌ಗಳು ಆ ರೋಗವನ್ನು ಕೆರಳಿಸಬಲ್ಲವು. ಬೆನ್ನುಹುರಿಯ ಕಲೆ ಮೂರು ಅಥವಾ ಹೆಚ್ಚು ಕಶೇರುಗಳಷ್ಟು (ಬೆನ್ನೆಲುಬಿನ ಮಣಿಗಳಷ್ಟು) ಉದ್ದವಿದ್ದರೆ ಅನುಮಾನ ಬರಬೇಕು. ಆದರೆ ಹಣ ಉಳಿಸಲು ಮಿದುಳಿನ ಸ್ಕ್ಯಾನ್ ಮಾತ್ರ ಮಾಡಿಸಿದವರಲ್ಲಿ ಆ ಉದ್ದದ ಕಲೆ ಯಾರಿಗೂ ಕಾಣುವುದಿಲ್ಲ.

ನಾವು ಎಷ್ಟು ಜನ ಎಂಬ ಪ್ರಶ್ನೆ ತಮ್ಮ ಕಚೇರಿಯಲ್ಲಿ ಸಹಜವಾಗಿ ಏಳುತ್ತದೆ. ಮಂಗಳೂರಿನ ನರತಜ್ಞೆ ಡಾ. ಲೇಖಾ ಪಂಡಿತ್ ಅವರು ಆ ನಗರದಲ್ಲಿ ನಡೆಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಎಂ.ಎಸ್. ಇರುವವರು ಲಕ್ಷಕ್ಕೆ ಸುಮಾರು 8. ಭಾರತದಲ್ಲಿ ಈ ರೋಗವೇ ಇಲ್ಲವೆನ್ನುವಷ್ಟು ವಿರಳ ಎಂಬ ಹಳೆಯ ನಂಬಿಕೆಯನ್ನು ಅಲ್ಲಾಡಿಸಿದ ಕೆಲಸ ಅದು. ಒಂದು ಕೋಟಿ ದಾಟಿದ ಬೆಂಗಳೂರಿಗೆ ಅದೇ ಪ್ರಮಾಣ ಹಿಡಿದರೆ ಎಂಟುನೂರಕ್ಕೆ ಕಡಿಮೆಯಿಲ್ಲ. ಲೆಕ್ಕ ನನ್ನದು, ಒರಟು ಲೆಕ್ಕ. ಒಂದು ನಗರದ ಅಂಕಿಯನ್ನು ಇಡೀ ರಾಜ್ಯಕ್ಕೆ ಹಿಗ್ಗಿಸುವ ಧೈರ್ಯ ನನಗಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಗುರುತಿಸಿದ 21 ವೈಕಲ್ಯಗಳಲ್ಲಿ ಎಂ.ಎಸ್. ಹೆಸರು ಸೇರಿದೆ. ವೈಕಲ್ಯವಾದ ಮೇಲೆ ಕಾರ್ಡು ಕೊಡುವ ವ್ಯವಸ್ಥೆ ಇದೆಯೆಂದ ಮೇಲೆ, ವೈಕಲ್ಯವಾಗುವ ಮೊದಲು ಕಲೆ ಎಣಿಸುವ ವ್ಯವಸ್ಥೆಯೂ ಇರಬೇಕಲ್ಲವೇ?

ಅದಕ್ಕೆ ಬೇಕಾದ ನೆಲೆ ಈ ಊರಿನಲ್ಲೇ ಇದೆ. ಹೊಸೂರು ರಸ್ತೆಯಲ್ಲಿ ನಿಮ್ಹಾನ್ಸ್ ಇದೆ. ಅದರೊಡಗೂಡಿ ರಾಜ್ಯ ಆರಂಭಿಸಿದ ಕರ್ನಾಟಕ ಮಿದುಳು ಆರೋಗ್ಯ ಉಪಕ್ರಮ ಇದೆ. ಜಿಲ್ಲೆಗಳಲ್ಲಿ ತೆಗೆದ ಚಿತ್ರಗಳನ್ನು ಒಂದು ಕಡೆ ತರಿಸಿಕೊಂಡು, ಅನುಭವಿ ಕಣ್ಣುಗಳು ಹಳೆಯದರ ಜೊತೆ ಹೋಲಿಸಿ ಓದಿ ರಿಪೋರ್ಟ್ ಕಳಿಸುವ ಒಂದು ವಾಚನ ಕೇಂದ್ರವನ್ನು ಈ ಉಪಕ್ರಮದಡಿ ತೆರೆದರೆ, ರಾಯಚೂರಿನ ರೋಗಿ ಫಿಲ್ಮ್ ಕವರ್ ಹಿಡಿದು ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಬರಬೇಕಾಗುವುದಿಲ್ಲ. ವ್ಯಾಂಕೂವರಿನಲ್ಲಿ ಮೂರು ದಶಕಗಳ ಹಿಂದೆ ಆದದ್ದೂ ಇದೇ, ಬೇರೆ ಬೇರೆ ಊರುಗಳ ಚಿತ್ರಗಳು ಒಂದೇ ಮೇಜಿಗೆ ಬಂದವು. ಚಿತ್ರಗಳು ಹೀಗೆ ಸೇರಿದರೆ, ನಮ್ಮ ಜನರಲ್ಲಿ ಈ ರೋಗ ಹೇಗೆ ಸಾಗುತ್ತದೆ, ಯಾವ ಮದ್ದು ಯಾರಿಗೆ ಒಗ್ಗುತ್ತದೆ ಎಂಬ ಸಂಶೋಧನೆಗೆ ನಮ್ಮ ನರತಜ್ಞರಿಗೂ ಸಾಮಗ್ರಿ ಸಿಗುತ್ತದೆ. ಸದ್ಯಕ್ಕೆ ಆ ಸಾಮಗ್ರಿ ನಮ್ಮ ನಮ್ಮ ಮನೆಯ ಬೀರುಗಳ ಮೇಲೆ ಧೂಳು ತಿನ್ನುತ್ತಿದೆ.

ಮದ್ದಿನ ವಿಷಯ ಬೇರೆಯೇ ಪತ್ರಕ್ಕೆ ತಕ್ಕದ್ದು, ಇಲ್ಲಿ ಒಂದೇ ಮಾತು. ಎಡಗಾಲು ಸೋತ ಮೇಲೆ ನನ್ನನ್ನು ರಿಟುಕ್ಸಿಮ್ಯಾಬ್‌ಗೆ ಬದಲಾಯಿಸಿದರು. ರಕ್ತದ ಕ್ಯಾನ್ಸರಿಗೆಂದು ಬಂದ ಈ ಮದ್ದು ಎಂ.ಎಸ್.ನಲ್ಲಿ ಹೊಸ ಕಲೆಗಳನ್ನು ಬಹುಮಟ್ಟಿಗೆ ತಡೆಯುತ್ತದೆ ಎಂದು 2008ರಲ್ಲಿ ಪ್ರಕಟವಾದ ಪರೀಕ್ಷೆ ತೋರಿಸಿತು; ಅದನ್ನು ಅಳೆದದ್ದೂ ಎಂ.ಆರ್.ಐ.ಯಿಂದಲೇ. ಹೈದರಾಬಾದಿನ ಕಂಪನಿಯೊಂದು 2007ರಿಂದಲೇ ಅದರ ಅಗ್ಗದ ಬಯೋಸಿಮಿಲರ್, ಅಂದರೆ ಮೂಲ ಮದ್ದನ್ನು ಹೋಲುವ ಪ್ರತಿರೂಪ, ತಯಾರಿಸುತ್ತಿದೆ. 2023ರ ಜುಲೈನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಎಂ.ಎಸ್.ಗಾಗಿ ಗ್ಲಾಟಿರಾಮರ್, ಕ್ಲಾಡ್ರಿಬಿನ್ ಜೊತೆಗೆ ಇದನ್ನೂ ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಆದರೂ ನನ್ನ ವಿಮಾ ಕಂಪನಿ, ಈ ಮದ್ದು ಈ ರೋಗಕ್ಕೆ ಅಧಿಕೃತವಲ್ಲ ಎಂದು ಬರೆದು ಎರಡು ಸಲ ಬಿಲ್ ತಿರುಗಿಸಿತು. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಡಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷದವರೆಗೆ ರಕ್ಷಣೆ ಇದೆ. ಆರು ತಿಂಗಳಿಗೊಮ್ಮೆ ಡೇ ಕೇರ್‌ನಲ್ಲಿ ಹಾಕುವ ಈ ಚಿಕಿತ್ಸೆಯನ್ನೂ ಅದನ್ನು ಅಳೆಯುವ ವಾರ್ಷಿಕ ಸ್ಕ್ಯಾನನ್ನೂ ರೋಗದ ಹೆಸರು ಹೇಳಿ ಅದರಲ್ಲಿ ಒಟ್ಟಿಗೆ ಸೇರಿಸಬೇಕು. ಮದ್ದು ಮಾತ್ರ ಕೊಟ್ಟು ಸ್ಕ್ಯಾನ್ ಬಿಟ್ಟರೆ ಕಣ್ಣು ಕಟ್ಟಿಕೊಂಡು ಅಡುಗೆ ಮಾಡಿದಂತೆ.

ಕೊನೆಯದಾಗಿ, ಚಿತ್ರವೇ ಎಲ್ಲವನ್ನೂ ಹೇಳುತ್ತದೆ ಎಂದು ನಾನು ವಾದಿಸುತ್ತಿಲ್ಲ. ಹತ್ತಾರು ಕಲೆಗಳಿದ್ದೂ ಲವಲವಿಕೆಯಿಂದ ನಡೆದಾಡುವವರಿದ್ದಾರೆ. ಬೆನ್ನುಹುರಿಯ ಒಂದೇ ಕಲೆಗೆ ಗಾಲಿಕುರ್ಚಿ ಹಿಡಿದವರಿದ್ದಾರೆ. ನನ್ನ ಆಯಾಸವನ್ನು, ಬಿಸಿಲಿಗೆ ಮೈ ಕಾದೊಡನೆ ಕಾಲು ತನ್ನದಲ್ಲವೆಂಬಂತಾಗುವುದನ್ನು ಯಾವ ಫ್ಲೇರ್ ಚಿತ್ರವೂ ತೋರಿಸುವುದಿಲ್ಲ. ವೈದ್ಯರು ರೋಗಿಯನ್ನು ಬಿಟ್ಟು ಚಿತ್ರಕ್ಕೆ ಚಿಕಿತ್ಸೆ ಕೊಡಬೇಕೆಂದೂ ನಾನು ಕೇಳುತ್ತಿಲ್ಲ. ರೋಗಿ ಹೇಳಲಾರದ್ದನ್ನು ಚಿತ್ರ ಹೇಳಬಲ್ಲ ಕಡೆಯಲ್ಲಿ ಅದನ್ನು ಕಳೆದುಹಾಕಬಾರದು, ಅಷ್ಟೇ.

ನನ್ನ ಮುಂದಿನ ಸ್ಕ್ಯಾನ್ ಜನವರಿಯಲ್ಲಿದೆ. ಕಳೆದ ಕೆಲವು ವರ್ಷಗಳಿಂದ ಒಂದೇ ಯಂತ್ರದಲ್ಲಿ ತೆಗೆಸಿ, ಮೂಲ ಕಡತಗಳನ್ನು ಎರಡು ಪೆನ್‌ಡ್ರೈವ್‌ಗಳಲ್ಲಿ ಇಟ್ಟುಕೊಂಡಿದ್ದೇನೆ. ಒಂದು ನನ್ನ ಬಳಿ, ಇನ್ನೊಂದು ತಂಗಿಯ ಮನೆಯಲ್ಲಿ. ಹಳೆಯ ಫಿಲ್ಮ್‌ಗಳ ಚೀಲವೂ ಇದೆ. ತಾವಾಗಲಿ, ತಮ್ಮ ಇಲಾಖೆಯ ತಜ್ಞರಾಗಲಿ ಸಮಯ ಕೊಟ್ಟರೆ ಅವನ್ನೆಲ್ಲ ತಂದು, 2018ರ ಆ ಎರಡು ಕಲೆಗಳನ್ನು ಹಳೆಯ ಫಿಲ್ಮಿನ ಪಕ್ಕದಲ್ಲಿಟ್ಟು ತೋರಿಸಲು ಸಿದ್ಧಳಿದ್ದೇನೆ. ಬೆಳಗಿನ ಹತ್ತು ಗಂಟೆಯೊಳಗೆ ಕರೆದರೆ ಉಪಕಾರ. ಮಧ್ಯಾಹ್ನದ ಬಿಸಿಲಿನಲ್ಲಿ ವಿಕಾಸ ಸೌಧದ ಮೆಟ್ಟಿಲು ಹತ್ತುವುದು ನನ್ನ ಎಡಗಾಲಿನಿಂದ ಆಗುವುದಿಲ್ಲ.

ಇತಿ ತಮ್ಮ ವಿಶ್ವಾಸಿ,
ಎಂ.ಎಸ್. ಇರುವ ಒಬ್ಬ ಕನ್ನಡ ಉಪನ್ಯಾಸಕಿ,
ಹನುಮಂತನಗರ, ಬೆಂಗಳೂರು